ಚಿತ್ರ ಕತ್ತರಿಸಬೇಕು, ಕಾಗದ ಉಳಿಯಬೇಕು

ಮಕ್ಕಳೇ, ಗುಡ್ಡಾಪುರದ ದಾನಮ್ಮದೇವಿಯ ಗುಡಿಯ ಹಾದಿಯಲ್ಲಿ ಒಂದು ಗಳಿಗೆ ನಿಂತು, ಹೋಗಿ ಬರುವ ಗಾಡಿಗಳನ್ನು ನೋಡಿ. ಟ್ರ್ಯಾಕ್ಟರಿನ ಮೂತಿಯ ಮೇಲೆ, ಜೀಪಿನ ಗಾಜಿನ ಮೇಲೆ, ಮೋಟರ್ ಸೈಕಲ್ಲಿನ ಟ್ಯಾಂಕಿನ ಮೇಲೆ, ಎಲ್ಲ ಕಡೆ ಸ್ಟಿಕ್ಕರುಗಳು. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಎರಡೂ. ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಒಂದು ಮಗ್ಗುಲಿಗೆ ಅಥಣಿ, ಇನ್ನೊಂದು ಮಗ್ಗುಲಿಗೆ ವಿಜಯಪುರ ಜಿಲ್ಲೆ. ಹಾಗಾಗಿ ಇಲ್ಲಿಯ ಸ್ಟಿಕ್ಕರ್ ಅಂಗಡಿಗೆ ಎರಡು ಲಿಪಿಗಳೂ ಬೇಕು.

ಈಗ ಅಂಥ ಒಂದು ಹೊಸ ಸ್ಟಿಕ್ಕರನ್ನು, ಇನ್ನೂ ಎಲ್ಲಿಯೂ ಅಂಟಿಸದೆ ಇರುವುದನ್ನು, ಕೈಯಲ್ಲಿ ಹಿಡಿದುಕೊಳ್ಳಿ. ದೇವಿಯ ಬಣ್ಣದ ಚಿತ್ರ. ಮೇಲೆ ಹೊಳೆಯುವ ಲ್ಯಾಮಿನೇಶನ್. ಕಿರೀಟದ ಪ್ರತಿಯೊಂದು ತುದಿಯ ಸುತ್ತ ಅಂಚು ಸರಿಯಾಗಿ ಕತ್ತರಿಸಿದೆ. ಬೆನ್ನಿಗಿರುವ ಕಾಗದವನ್ನು ತಿರುವಿ ನೋಡಿ. ಅದು ಒಂದಿಷ್ಟೂ ಹರಿದಿಲ್ಲ, ತೂತಾಗಿಲ್ಲ. ಮೇಲಿನ ಚಿತ್ರ ಪೂರ್ತಿ ಕತ್ತರಿಸಿದೆ, ಅದಕ್ಕೆ ತಾಗಿಕೊಂಡೇ ಇರುವ ಕಾಗದ ಪೂರ್ತಿ ಉಳಿದಿದೆ!

ಕತ್ತರಿಸಿದ ಅಲಗಿಗೆ ಕಣ್ಣಿಲ್ಲ. ಎಲ್ಲಿ ಚಿತ್ರ ಮುಗಿದು ಎಲ್ಲಿ ಕಾಗದ ಶುರುವಾಯಿತೆಂದು ಅದಕ್ಕೆ ಹೇಗೆ ತಿಳಿಯಿತು? ಈ ಪ್ರಶ್ನೆಯನ್ನು ಹಿಡಿದುಕೊಂಡು ಇವತ್ತು ಒಂದಿಷ್ಟು ವಿಜ್ಞಾನ ಮಾತಾಡೋಣ.

ಒಂದೇ ಹಾಳೆ, ಐದು ಪದರ

ಸ್ಟಿಕ್ಕರನ್ನು ನಾವು ಒಂದು ಹಾಳೆ ಎಂದುಕೊಳ್ಳುತ್ತೇವೆ. ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಪದರದ ಮೇಲೆ ಪದರ ಕಾಣುತ್ತದೆ.

ಎಲ್ಲಕ್ಕಿಂತ ಕೆಳಗೆ ಬೆನ್ನಿನ ಕಾಗದ. ಅದರ ಮೇಲ್ಮೈಗೆ ಸಿಲಿಕೋನ್ ಎಂಬ ವಸ್ತುವನ್ನು ಬಹಳ ತೆಳ್ಳಗೆ ಸವರಿರುತ್ತಾರೆ. ಸಿಲಿಕೋನಿಗೆ ಅಂಟು ಹಿಡಿಯುವುದಿಲ್ಲ, ಅದಕ್ಕೇ ಸ್ಟಿಕ್ಕರ್ ಸುಲಭವಾಗಿ ಬಿಚ್ಚಿ ಬರುತ್ತದೆ. ಸಿಲಿಕೋನಿನ ಮೇಲೆ ಅಂಟಿನ ಪದರ. ಅಂಟಿನ ಮೇಲೆ ವಿನೈಲ್ ಹಾಳೆ. ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಹೊಲದಲ್ಲಿ ನೀರು ಹಾಯಿಸುವ ಪೈಪುಗಳೂ ಇದೇ ಪಿವಿಸಿಯವು. ಪೈಪು ಗಡಸು, ಸ್ಟಿಕ್ಕರ್ ಹಾಳೆ ಮೆತ್ತಗೆ. ಹಾಳೆ ಮಾಡುವಾಗ ಪಿವಿಸಿಗೆ ಮೆತ್ತಗಾಗಿಸುವ ವಸ್ತುಗಳನ್ನು ಬೆರೆಸುತ್ತಾರೆ, ಅಷ್ಟೇ ವ್ಯತ್ಯಾಸ. ಈ ವಿನೈಲಿನ ಮೇಲೆ ಬಣ್ಣದ ಚಿತ್ರ ಅಚ್ಚಾಗುತ್ತದೆ.

ಚಿತ್ರವನ್ನು ಹಾಗೇ ಬಿಟ್ಟರೆ ಜತ್ತದ ಬಿಸಿಲು ಅದನ್ನು ಉಳಿಸುವುದಿಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಕಣಗಳನ್ನು ಮುರಿಯುತ್ತವೆ. ಮಣ್ಣಿನ ರಸ್ತೆಯ ಧೂಳು ಉಜ್ಜಿ ಗೀರು ಬೀಳಿಸುತ್ತದೆ. ಅದಕ್ಕಾಗಿ ಚಿತ್ರದ ಮೇಲೆ ಇನ್ನೊಂದು ಪಾರದರ್ಶಕ ಹಾಳೆಯನ್ನು, ಅದರದೇ ಅಂಟಿನ ಸಮೇತ, ಎರಡು ರೋಲರುಗಳ ನಡುವೆ ಒತ್ತಿ ಅಂಟಿಸುತ್ತಾರೆ. ಇದೇ ಲ್ಯಾಮಿನೇಶನ್. ಬೆನ್ನಿನ ಕಾಗದ, ಅಂಟು, ವಿನೈಲ್, ಮತ್ತೆ ಅಂಟು, ಮತ್ತೆ ಪ್ಲಾಸ್ಟಿಕ್. ಲೆಕ್ಕ ಹಾಕಿ, ಐದು ಪದರವಾಯಿತು.

ಇವುಗಳ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಒಂದು ಭಾಗವೇ ಒಂದು ಮೈಕ್ರಾನ್. ಸಾಮಾನ್ಯ ವಿನೈಲ್ ಹಾಳೆ ಸುಮಾರು 100 ಮೈಕ್ರಾನ್, ಅದರ ಅಂಟು ಸುಮಾರು 25. ಲ್ಯಾಮಿನೇಶನ್ ಹಾಳೆ 70 ಮೈಕ್ರಾನ್ ಇದೆ, ಅದರ ಅಂಟು 25 ಇದೆ ಎಂದು ಹಿಡಿಯೋಣ. ಎಲ್ಲ ಕೂಡಿಸಿದರೆ 220 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಡಿಮೆ. ಅಲಗು ಈ 220 ಮೈಕ್ರಾನನ್ನು ಪೂರ್ತಿ ದಾಟಬೇಕು. ದಾಟಿದ ಮೇಲೆ, ಸುಮಾರು 150 ಮೈಕ್ರಾನ್ ದಪ್ಪದ ಬೆನ್ನಿನ ಕಾಗದವನ್ನು ಸುಮ್ಮನೆ ಸವರಿ ನಿಲ್ಲಬೇಕು.

ನಡೆಸುವ ಕೈ ಯಾವುದು?

ಈ ಕೆಲಸ ಮಾಡುವ ಯಂತ್ರವನ್ನು ಅಂಗಡಿಯವರು ಪ್ಲಾಟರ್ ಅನ್ನುತ್ತಾರೆ, ಕಟಿಂಗ್ ಮಶೀನ್ ಎಂದೂ ಅನ್ನುತ್ತಾರೆ. ಅದರಲ್ಲಿ ಹಾಳೆ ರೋಲರಿನ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಅಲಗು ಹಿಡಿದ ತಲೆ ಎಡಕ್ಕೂ ಬಲಕ್ಕೂ ಓಡುತ್ತದೆ. ಗಣಿತದ ಆಲೇಖ ಹಾಳೆಯ ಮೇಲೆ ನೀವು ಬಿಂದು ಗುರುತಿಸುವಾಗ ಎಕ್ಸ್ ಅಕ್ಷ, ವೈ ಅಕ್ಷ ಎನ್ನುತ್ತೀರಲ್ಲ, ಅವೇ ಎರಡು ದಿಕ್ಕುಗಳು ಇವು. ಎರಡೂ ಒಟ್ಟಿಗೆ ನಡೆದರೆ ವೃತ್ತ ಬರುತ್ತದೆ, ಹೂವಿನ ಪಕಳೆ ಬರುತ್ತದೆ, ಕನ್ನಡದ ಅಕ್ಷರ ಬರುತ್ತದೆ.

ಇಂಥ ಯಂತ್ರಗಳು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದವು. ಅದಕ್ಕೂ ಮೊದಲು ಫಲಕ ಬರೆಯುವ ಕಲಾವಿದರು ಹೆಚ್ಚಾಗಿ ಕುಂಚದಿಂದಲೇ ಬರೆಯುತ್ತಿದ್ದರು. ಈ ಯಂತ್ರಗಳಿಗೆ ದಾರಿ ಮಾಡಿದವರಲ್ಲಿ ಜೋಸೆಫ್ ಗರ್ಬರ್ ಮುಖ್ಯರು. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಗರ್ಬರ್, ನಾಜಿಗಳ ಹಿಂಸೆಯಿಂದ ಪಾರಾಗಿ 1940ರಲ್ಲಿ ತಾಯಿಯ ಜೊತೆ ಅಮೆರಿಕ ಸೇರಿದರು. ಅಲ್ಲಿ ಎಂಜಿನಿಯರಿಂಗ್ ಓದುವಾಗ, ಪೈಜಾಮದಿಂದ ಬಿಚ್ಚಿದ ಇಲಾಸ್ಟಿಕ್ ಪಟ್ಟಿಯ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದು, ಎಳೆದಂತೆ ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡರು. ಆ ಉಪಾಯ ಮುಂದೆ ಒಂದು ಉಪಕರಣವಾಯಿತು, ಅದರಿಂದ ಒಂದು ಕಂಪನಿ ಹುಟ್ಟಿತು, ಆ ಕಂಪನಿಯಿಂದ ಅಕ್ಷರ ಕತ್ತರಿಸುವ ಯಂತ್ರಗಳು ಬಂದವು. ಕೈಗೆ ಸಿಕ್ಕ ವಸ್ತುವಿನಿಂದಲೇ ಅಳತೆಯ ಸಾಧನ ಮಾಡಬಹುದು ಎಂಬುದನ್ನು ನೆನಪಿಡಿ. ಈ ಬರಹದ ಕೊನೆಯಲ್ಲಿ ನೀವೂ ಒಂದು ಅಳತೆ ಮಾಡಲಿದ್ದೀರಿ.

ಹಾಳೆ ಹಿಂದೆ ಮುಂದೆ, ಅಲಗು ಎಡಕ್ಕೆ ಬಲಕ್ಕೆ. ಇನ್ನೊಂದು ದಿಕ್ಕು ಉಳಿಯಿತು, ಕೆಳಕ್ಕೆ. ಹಲವು ಯಂತ್ರಗಳಲ್ಲಿ ಅಲಗನ್ನು ಕೆಳಕ್ಕೆ ಒತ್ತುವುದು ಒಂದು ವಿದ್ಯುತ್ಕಾಂತ. ಸುರುಳಿಯಲ್ಲಿ ಹೆಚ್ಚು ವಿದ್ಯುತ್ ಹರಿದರೆ ಅಲಗು ಹೆಚ್ಚು ಬಲದಿಂದ ಇಳಿಯುತ್ತದೆ, ಕಡಿಮೆ ಹರಿದರೆ ಹಗುರವಾಗಿ ಇಳಿಯುತ್ತದೆ. ಯಂತ್ರದ ಪುಟ್ಟ ಪರದೆಯ ಮೇಲೆ ಅಂಗಡಿಯವರು 80, 100, 150 ಎಂದು ಒತ್ತುವುದು ಈ ಬಲವನ್ನೇ. ಅದರ ಲೆಕ್ಕ ಸಾಮಾನ್ಯವಾಗಿ ಗ್ರಾಮಿನಲ್ಲಿ ಇರುತ್ತದೆ. 100 ಎಂದರೆ, 100 ಮಿಲಿಲೀಟರ್ ನೀರನ್ನು ಅಲಗಿನ ನೆತ್ತಿಯ ಮೇಲೆ ಇಟ್ಟರೆ ಎಷ್ಟು ಭಾರ ಬೀಳುತ್ತದೋ ಅಷ್ಟು ಬಲ.

ಇಷ್ಟೇನಾ, ಎನಿಸುತ್ತದೆ ಅಲ್ಲವೇ? ಅಷ್ಟು ಕಡಿಮೆ ನೀರಿನ ಭಾರಕ್ಕೆ ಪ್ಲಾಸ್ಟಿಕ್ ಹೇಗೆ ಕತ್ತರಿಸುತ್ತದೆ?

ಬಲ ಒಂದೇ, ಜಾಗ ಬೇರೆ

ಉತ್ತರ ಇರುವುದು ಅಲಗಿನ ತುದಿಯಲ್ಲಿ. ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಒತ್ತಡ. ಅಂಗಡಿಯಲ್ಲಿ ‘ಪ್ರೆಶರ್ ಹೆಚ್ಚು ಮಾಡು’ ಎನ್ನುತ್ತಾರೆ. ನಿಜವಾಗಿ ಅವರು ಹೆಚ್ಚು ಮಾಡುವುದು ಬಲವನ್ನು. ಒತ್ತಡ ಎಷ್ಟಾಯಿತು ಎಂಬುದನ್ನು ಬಲ ಮತ್ತು ತುದಿಯ ಚೂಪು ಎರಡೂ ಸೇರಿ ತೀರ್ಮಾನಿಸುತ್ತವೆ.

ಲೆಕ್ಕ ಮಾಡಿಯೇ ನೋಡೋಣ. 100 ಗ್ರಾಂ ಭಾರ ಎಂದರೆ ಹೆಚ್ಚುಕಡಿಮೆ 1 ನ್ಯೂಟನ್ ಬಲ. ಅಷ್ಟೇ ಬಲದಿಂದ ಬೆರಳಿನಲ್ಲಿ ಹಾಳೆಯನ್ನು ಒತ್ತಿ. ಬೆರಳು ತಾಗುವ ಜಾಗ ಸುಮಾರು 1 ಚದರ ಸೆಂಟಿಮೀಟರ್. ಒತ್ತಡ 10,000 ಪ್ಯಾಸ್ಕಲ್ ಆಗುತ್ತದೆ. ಹಾಳೆಗೆ ಏನೂ ಆಗುವುದಿಲ್ಲ. ಈಗ ಅದೇ ಬಲ ಅಲಗಿನ ತುದಿಯ ಮೇಲೆ. ತಾಗುವ ಜಾಗ 0.1 ಮಿಲಿಮೀಟರ್ ಉದ್ದ, 0.01 ಮಿಲಿಮೀಟರ್ ಅಗಲ ಎಂದು ಲೆಕ್ಕಕ್ಕೆ ಹಿಡಿಯೋಣ. ಇದು ಬೆರಳಿನ ಜಾಗದ ಒಂದು ಲಕ್ಷದಲ್ಲಿ ಒಂದು ಭಾಗ. ಹಾಗಾದರೆ ಒತ್ತಡ ಒಂದು ಲಕ್ಷ ಪಟ್ಟು ಹೆಚ್ಚಬೇಕು. 100 ಕೋಟಿ ಪ್ಯಾಸ್ಕಲ್! ನಮ್ಮ ಸುತ್ತಲಿನ ಗಾಳಿ ನಮ್ಮ ಮೇಲೆ ಹಾಕುವ ಒತ್ತಡ ಸುಮಾರು ಒಂದು ಲಕ್ಷ ಪ್ಯಾಸ್ಕಲ್. ಅದರ ಹತ್ತು ಸಾವಿರ ಪಟ್ಟನ್ನು ಈ ಚಿಕ್ಕ ಅಲಗು ಒಂದು ಚುಕ್ಕೆಯಷ್ಟು ಜಾಗದ ಮೇಲೆ ತರುತ್ತದೆ. ಪ್ಲಾಸ್ಟಿಕ್ಕಿನ ಅಣುಗಳ ಸರಪಳಿಗಳು ಅಲ್ಲಿ ತಡೆದುಕೊಳ್ಳಲಾರದೆ ಬೇರ್ಪಡುತ್ತವೆ.

ಒತ್ತಡದ ಅಳತೆಗೆ ಪ್ಯಾಸ್ಕಲ್ ಎಂಬ ಹೆಸರು ಬಂದದ್ದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಅವರಿಂದ. ಅವರು 1623ರಲ್ಲಿ ಹುಟ್ಟಿ 39 ವರ್ಷ ಮಾತ್ರ ಬದುಕಿದರು. ಗಾಳಿ ಮತ್ತು ನೀರಿನ ಒತ್ತಡವನ್ನು ಪ್ರಯೋಗಗಳಿಂದ ವಿವರಿಸಿದರು.

ಈಗ ನೀವೇ ಒಂದು ಪ್ರಶ್ನೆಗೆ ಉತ್ತರ ಹೇಳಬಲ್ಲಿರಿ. ಅಲಗು ಮೊಂಡಾದರೆ ಏನಾಗುತ್ತದೆ? ತುದಿ ಸವೆದು ಅಗಲವಾಗುತ್ತದೆ, ತಾಗುವ ಜಾಗ ಹೆಚ್ಚುತ್ತದೆ. ಪರದೆಯ ಮೇಲೆ ಅದೇ 100 ಇದ್ದರೂ ಒತ್ತಡ ಇಳಿದುಬಿಡುತ್ತದೆ. ನಿನ್ನೆ ಸರಿಯಾಗಿ ಕತ್ತರಿಸಿದ ಯಂತ್ರ ಇವತ್ತು ಅರ್ಧಂಬರ್ಧ ಕತ್ತರಿಸಿದರೆ, ಅನುಭವವಿದ್ದವರು ಮೊದಲು ಅಲಗಿನ ತುದಿಯನ್ನು ಪರೀಕ್ಷಿಸುತ್ತಾರೆ. ಬಲವನ್ನು ಹೆಚ್ಚಿಸುವುದು ಆಮೇಲೆ.

ಕುಂಟಿಯ ಮೇಲೆ ಕೂತ ಹುಡುಗ

ನಿಮ್ಮ ಹೊಲದಲ್ಲಿ ಬಿಳಿಜೋಳದ ಬಿತ್ತನೆಗೆ ಮೊದಲು ಕುಂಟಿ ಹೊಡೆಯುವುದನ್ನು ನೋಡಿದ್ದೀರಿ. ಮೇಲೆ ಮರದ ದಿಂಡು, ಕೆಳಗೆ ಅಡ್ಡಲಾಗಿ ಕಬ್ಬಿಣದ ಕುಡ. ಎತ್ತುಗಳು ಎಳೆದಂತೆ ಕುಡ ಮಣ್ಣನ್ನು ಸೀಳಿಕೊಂಡು ಹೋಗುತ್ತದೆ. ಮೆತ್ತನೆಯ ಮಣ್ಣಿದ್ದರೆ ಕುಂಟಿಯ ಸ್ವಂತ ಭಾರವೇ ಸಾಕು. ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಕುಡ ಮೇಲೆಮೇಲೆ ಕೆರೆಯುತ್ತದೆ. ಆಗ ಅಪ್ಪ ದಿಂಡಿನ ಮೇಲೆ ಒಂದು ಕಲ್ಲು ಇಡುತ್ತಾರೆ, ಇಲ್ಲವೇ ಮನೆಯ ಹುಡುಗನನ್ನು ಕೂರಿಸುತ್ತಾರೆ. ಭಾರ ಹೆಚ್ಚಾಯಿತು, ಕುಡ ಇಳಿಯಿತು. ಇಬ್ಬರು ಹುಡುಗರು ಕೂತರೆ ಕುಡ ತೀರ ಆಳಕ್ಕಿಳಿದು ಎತ್ತುಗಳಿಗೆ ಎಳೆಯಲು ಆಗುವುದಿಲ್ಲ. ಯಾವ ಮಣ್ಣಿಗೆ ಎಷ್ಟು ಭಾರ ಎಂಬುದು ಅಪ್ಪನಿಗೆ ಹೊಲದಲ್ಲಿ ಎರಡು ಹೆಜ್ಜೆ ನಡೆದರೆ ತಿಳಿಯುತ್ತದೆ.

ಯಂತ್ರದ ಅಲಗಿಗೂ ಇದೇ ನ್ಯಾಯ. ಬರೀ ವಿನೈಲ್ ಎಂದರೆ ಮೆತ್ತನೆಯ ಮಣ್ಣು. ಲ್ಯಾಮಿನೇಶನ್ ಆದ ಹಾಳೆ ಎಂದರೆ ಗಟ್ಟಿ ಮಣ್ಣು. ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಕುಂಟಿಯಲ್ಲಿ ಕುಡ ಎಷ್ಟು ಕೆಳಗೆ ಚಾಚಿದೆ ಎಂಬುದು ಬೇರೆ, ಮೇಲೆ ಎಷ್ಟು ಭಾರವಿದೆ ಎಂಬುದು ಬೇರೆ. ಯಂತ್ರದಲ್ಲಿಯೂ ಹಾಗೆಯೇ ಎರಡು ಹೊಂದಾಣಿಕೆಗಳಿವೆ. ಅಲಗನ್ನು ಒಂದು ಚಿಕ್ಕ ಕೊಳವೆಯಲ್ಲಿ ಕೂರಿಸಿರುತ್ತಾರೆ. ಕೊಳವೆಯ ಮೂತಿಯನ್ನು ತಿರುಗಿಸಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ ಅಥವಾ ಒಳಗೆ ಹೋಗುತ್ತದೆ. ಹೊರಗೆ ಚಾಚಿದ ಉದ್ದವೇ ಅಲಗು ಇಳಿಯಬಹುದಾದ ಗರಿಷ್ಠ ಆಳ. ಆ ಮಿತಿಯೊಳಗೆ ಅದು ಎಷ್ಟು ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಬಲ.

ಉದ್ದ ಎಷ್ಟಿರಬೇಕು? ಕತ್ತರಿಸಬೇಕಾದ ಪದರಗಳ ದಪ್ಪ, ಅದರ ಜೊತೆ ಬೆನ್ನಿನ ಕಾಗದದ ಅರ್ಧ ದಪ್ಪ. ನಮ್ಮ ಸ್ಟಿಕ್ಕರಿನಲ್ಲಿ 220 ಮೈಕ್ರಾನಿಗೆ 75 ಕೂಡಿಸಿದರೆ 295. ಅಂದರೆ ಸುಮಾರು 0.3 ಮಿಲಿಮೀಟರ್. ಅಲಗನ್ನು ಇದಕ್ಕಿಂತ ಬಹಳ ಹೊರಗೆ ಬಿಟ್ಟು ಜೋರಾಗಿ ಒತ್ತಿದರೆ ಕಾಗದವೂ ಸೀಳಿ, ಕೆಳಗಿರುವ ಯಂತ್ರದ ಪಟ್ಟಿಗೂ ಗಾಯವಾಗುತ್ತದೆ, ಅಲಗಿನ ತುದಿಯೂ ಮುರಿಯುತ್ತದೆ. ಅಲಗು ಸಾಲದಷ್ಟು ಒಳಗಿದ್ದು ಬಲ ಮಾತ್ರ ಹೆಚ್ಚಿಸಿದರೆ, ಕೊಳವೆಯ ಮೂತಿಯೇ ಹಾಳೆಯನ್ನು ಒತ್ತಿ, ಹೊಳೆಯುವ ಲ್ಯಾಮಿನೇಶನ್ ಮೇಲೆ ಗೀರು ಎಳೆಯುತ್ತದೆ.

ಪದರ ಹೆಚ್ಚಾದರೆ ಎಷ್ಟು ಗ್ರಾಂ ಹೆಚ್ಚಬೇಕು?

ಬರೀ ವಿನೈಲ್ ಮತ್ತು ಅಂಟು ಸೇರಿ 125 ಮೈಕ್ರಾನ್. ಲ್ಯಾಮಿನೇಶನ್ ಆದ ಮೇಲೆ 220. ಆಲೇಖ ಹಾಳೆಯ ಮೇಲೆ ಒಂದು ಚಿತ್ರ ಬರೆದು ನೋಡಿ. ಅಲಗಿನ ಅಂಚು ನೇರ ಕೆಳಗಿಲ್ಲ, ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿರುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಓರೆ ಗೆರೆ ಎಳೆಯಿರಿ. ಅದರ ಉದ್ದ ಸುಮಾರು 1.4 ಸೆಂಟಿಮೀಟರ್ ಬರುತ್ತದೆ. ಎರಡು ಸೆಂಟಿಮೀಟರ್ ಆಳಕ್ಕೆ ಎಳೆದರೆ 2.8. ಆಳ ಎರಡು ಪಟ್ಟಾದರೆ ಹಾಳೆಯೊಳಗೆ ಹೊಕ್ಕ ಅಂಚಿನ ಉದ್ದವೂ ಎರಡು ಪಟ್ಟು. ಬಲ ಹಂಚಿಹೋಗುವ ಜಾಗ ಹೆಚ್ಚಿತು. ಒತ್ತಡ ಅಷ್ಟೇ ಇರಬೇಕಾದರೆ ಬಲವನ್ನು ಹೆಚ್ಚಿಸಲೇಬೇಕು.

220ನ್ನು 125ರಿಂದ ಭಾಗಿಸಿದರೆ 1.76. ಬರೀ ವಿನೈಲಿಗೆ 100 ಗ್ರಾಂ ಸಾಕಾಗಿದ್ದರೆ ಇದಕ್ಕೆ ಸುಮಾರು 175 ಬೇಕಾಗಬಹುದು. ಇದು ಅಂದಾಜು ಮಾತ್ರ. ಲ್ಯಾಮಿನೇಶನ್ ಹಾಳೆ ಎಷ್ಟು ಗಡಸು, ಅಂಟು ಎಷ್ಟು ಮೆತ್ತಗೆ, ಅಲಗು ಎಷ್ಟು ಹಳೆಯದು, ಇವೆಲ್ಲ ಆ ಸಂಖ್ಯೆಯನ್ನು ಅತ್ತಿತ್ತ ಸರಿಸುತ್ತವೆ. ಹವೆ ಕೂಡ ಸರಿಸುತ್ತದೆ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಬಿಗಿಯುತ್ತದೆ. ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದಿದ ಬಲ ಡಿಸೆಂಬರ್ ಬೆಳಗಿನ ಚಳಿಗೆ ಹೊಂದದೆ ಇರಬಹುದು.

ಬಲ ಹೆಚ್ಚಿಸಿದಾಗ ವೇಗ ಇಳಿಸಬೇಕು. ದಪ್ಪ ಹಾಳೆಯೊಳಗೆ ಆಳಕ್ಕಿಳಿದ ಅಲಗನ್ನು ಓಡಿಸಿದರೆ ಅದು ತಿರುವುಗಳಲ್ಲಿ ಹಾಳೆಯನ್ನೇ ಎಳೆದುಬಿಡುತ್ತದೆ. ತೀರ ದಪ್ಪವಿದ್ದರೆ 45 ಡಿಗ್ರಿಯ ಬದಲು 60 ಡಿಗ್ರಿಯ ಅಲಗು ಹಾಕುತ್ತಾರೆ. ಅದರ ಅಂಚು ಹೆಚ್ಚು ನೆಟ್ಟಗಿರುವುದರಿಂದ, ಅಷ್ಟೇ ಆಳಕ್ಕೆ ಹಾಳೆಯೊಳಗೆ ಹೋಗುವ ಅಂಚಿನ ಉದ್ದ ಕಡಿಮೆ. ಕೆಲವರು ಕಡಿಮೆ ಬಲದಲ್ಲಿ ಅದೇ ಗೆರೆಯ ಮೇಲೆ ಎರಡು ಸಲ ಅಲಗು ನಡೆಸುತ್ತಾರೆ.

ಇನ್ನೊಂದು ತಾಳ್ಮೆಯ ಕೆಲಸ ಕತ್ತರಿಸುವುದಕ್ಕೂ ಮೊದಲೇ ಇದೆ. ಅಚ್ಚಾದ ಬಣ್ಣದಲ್ಲಿ ದ್ರಾವಕ ಇರುತ್ತದೆ. ಬಣ್ಣ ಮುಟ್ಟಿದರೆ ಒಣಗಿದಂತೆ ಅನಿಸಿದರೂ ದ್ರಾವಕ ನಿಧಾನವಾಗಿ ಆರುತ್ತಲೇ ಇರುತ್ತದೆ. ಒಂದು ದಿನವಾದರೂ ಬಿಟ್ಟು ಆಮೇಲೆ ಲ್ಯಾಮಿನೇಶನ್ ಮಾಡಬೇಕು. ಅವಸರ ಮಾಡಿದರೆ ದ್ರಾವಕ ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡು ಅಂಟನ್ನು ಸಡಿಲಿಸುತ್ತದೆ, ಕತ್ತರಿಸಿದ ಅಂಚು ಮೇಲೇಳುತ್ತದೆ.

ವೃತ್ತದೊಳಗೆ ಒಂದು ಚೌಕ

ಹಾಗಾದರೆ ಸರಿಯಾದ ಸಂಖ್ಯೆ ಯಾವುದು? ಅದನ್ನು ಹೇಳುವುದು ಆ ಹಾಳೆಯೇ. ಅದನ್ನು ಕೇಳುವುದಕ್ಕೆ ಬಹಳ ಚೆಂದದ ಒಂದು ವಿಧಾನವಿದೆ.

ಹಾಳೆಯ ಮೂಲೆಯಲ್ಲಿ ಯಂತ್ರದಿಂದ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಪುಟ್ಟ ಚೌಕ ಕತ್ತರಿಸುತ್ತಾರೆ. ಮೊದಲು ವೃತ್ತದ ಭಾಗವನ್ನು ಮಾತ್ರ ಮೆಲ್ಲಗೆ ಬಿಡಿಸುತ್ತಾರೆ. ಚೌಕ ಅಲ್ಲಿಯೇ ಉಳಿದು, ವೃತ್ತ ಮಾತ್ರ ಎದ್ದು ಬಂದರೆ ಪದರಗಳೆಲ್ಲ ಪೂರ್ತಿ ಕತ್ತರಿಸಿವೆ ಎಂದು ಅರ್ಥ. ಚೌಕವೂ ಅಂಟಿಕೊಂಡು ಬಂದರೆ ಬಲ ಸಾಲದು. ಆಗ 10 ಗ್ರಾಂ ಹೆಚ್ಚಿಸಿ ಮತ್ತೆ ಕತ್ತರಿಸುತ್ತಾರೆ.

ಎರಡನೆಯ ಪರೀಕ್ಷೆ ಚೌಕವನ್ನು ಬಿಡಿಸಿ ಕೆಳಗಿನ ಕಾಗದವನ್ನು ನೋಡುವುದು. ಕಾಗದದ ಮೇಲೆ ಚೌಕದ ಗುರುತು ಸಣ್ಣಗೆ ಕಾಣಬೇಕು. ಬೆರಳಿನಿಂದ ಸವರಿದರೆ ಕಾಗದ ಗಟ್ಟಿಯಾಗಿಯೇ ಇರಬೇಕು. ಗುರುತು ಆಳವಾಗಿದ್ದರೆ, ಅಥವಾ ಕಾಗದದ ಬೆನ್ನಿಗೆ ಗೆರೆ ಉಬ್ಬಿದ್ದರೆ, ಬಲ ಹೆಚ್ಚಾಗಿದೆ.

ಸ್ವಲ್ಪ ಆಳವಾದರೆ ಏನು ನಷ್ಟ ಎಂದು ನೀವು ಕೇಳಬಹುದು. ಕಾಗದದ ಮೇಲೆ ಸಿಲಿಕೋನ್ ಸವರಿರುತ್ತಾರೆ ಎಂದೆನಲ್ಲ, ಅಲಗು ಅದನ್ನು ಹರಿದರೆ ಒಳಗಿನ ಕಾಗದದ ನಾರು ತೆರೆದುಕೊಳ್ಳುತ್ತದೆ. ಅಂಟು ಆ ನಾರಿಗೆ ಮೆಲ್ಲಗೆ ಹಿಡಿಯುತ್ತದೆ. ಕೆಲವು ದಿನ ಬಿಟ್ಟು ಸ್ಟಿಕ್ಕರ್ ಬಿಡಿಸಲು ಹೋದರೆ ಅಂಚಿಗೆ ಕಾಗದದ ಚೂರುಗಳು ಅಂಟಿಕೊಂಡು ಬರುತ್ತವೆ. ಹಾಗಾಗಿ ಬಲ ಸಾಲದೆ ಇದ್ದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು.

ಈ ಪರೀಕ್ಷೆಯಲ್ಲಿ ಒಂದು ನಿಯಮವನ್ನು ಮರೆಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಲವನ್ನೂ, ವೇಗವನ್ನೂ, ಅಲಗಿನ ಉದ್ದವನ್ನೂ ಒಟ್ಟಿಗೆ ಬದಲಿಸಿದರೆ, ಯಾವುದರಿಂದ ಸರಿಹೋಯಿತು ಎಂದು ಯಾರೂ ಹೇಳಲಾರರು. ಉಳಿದೆರಡನ್ನು ಹಾಗೆಯೇ ಇಟ್ಟು ಒಂದನ್ನು ಸರಿಸಿ, ಫಲ ನೋಡಿ, ಬರೆದಿಟ್ಟುಕೊಂಡು ಮುಂದಿನದಕ್ಕೆ ಹೋಗುವುದು ಎಲ್ಲ ಪ್ರಯೋಗಶಾಲೆಗಳ ರೀತಿ. ಯಾವ ಹಾಳೆಗೆ, ಯಾವ ಲ್ಯಾಮಿನೇಶನ್ನಿಗೆ, ಎಷ್ಟು ಗ್ರಾಂ ಎಂದು ಗೋಡೆಗೆ ಒಂದು ಪಟ್ಟಿ ಅಂಟಿಸಿಕೊಂಡ ಸ್ಟಿಕ್ಕರ್ ಅಂಗಡಿಯವರೂ ನಿಜವಾದ ವಿಜ್ಞಾನದ ಕೆಲಸವನ್ನೇ ಮಾಡುತ್ತಿದ್ದಾರೆ.

ಕನ್ನಡದ ತಿರುವು, ಮರಾಠಿಯ ಮೂಲೆ

ಅಲಗಿನ ಇನ್ನೊಂದು ಗುಟ್ಟು ಕೇಳಿ. ಅದು ಕೊಳವೆಯೊಳಗೆ ತನ್ನಷ್ಟಕ್ಕೆ ತಿರುಗಬಲ್ಲದು. ಅದರ ತುದಿ ನಟ್ಟನಡುವೆ ಇರುವುದಿಲ್ಲ, ಕಾಲು ಮಿಲಿಮೀಟರಿನಷ್ಟು ಬದಿಗಿರುತ್ತದೆ. ಹೀಗಿರುವುದರಿಂದ ಯಂತ್ರ ಯಾವ ಕಡೆಗೆ ಎಳೆದರೂ ತುದಿ ಹಿಂದೆ ಬಿದ್ದು, ಅಂಚು ತಾನಾಗಿ ಆ ದಿಕ್ಕಿಗೆ ಮುಖ ಮಾಡುತ್ತದೆ. ಅಲಗನ್ನು ತಿರುಗಿಸಲು ಬೇರೆ ಮೋಟಾರು ಬೇಕಿಲ್ಲ.

ಕನ್ನಡದ ಅಕ್ಷರಗಳು ಹೆಚ್ಚಾಗಿ ದುಂಡು. ‘ಜ’, ‘ಠ’, ‘ಅ’ ಬರೆದು ನೋಡಿ, ದಾರಿ ಮೆಲ್ಲಮೆಲ್ಲಗೆ ತಿರುಗುತ್ತದೆ. ಅಲಗು ಆ ದಾರಿಯನ್ನು ಸುಲಭವಾಗಿ ಹಿಂಬಾಲಿಸುತ್ತದೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ತಲೆಯ ಮೇಲೆ ಅಡ್ಡಗೆರೆ, ಅದರಿಂದ ಕೆಳಗೆ ನೆಟ್ಟನೆಯ ಗೆರೆ. ಅವೆರಡು ಸೇರುವಲ್ಲಿ 90 ಡಿಗ್ರಿಯ ಮೂಲೆ. ಅಲ್ಲಿ ಅಲಗು ನಿಂತು, ತಿರುಗಿ, ಮತ್ತೆ ಹೊರಡಬೇಕು. ತುದಿ ಎಷ್ಟು ಬದಿಗಿದೆ ಎಂಬ ಅಳತೆಯನ್ನು ಯಂತ್ರಕ್ಕೆ ತಪ್ಪಾಗಿ ಹೇಳಿದ್ದರೆ ಮೂಲೆಗಳು ಚೂಪಾಗದೆ ದುಂಡಗಾಗುತ್ತವೆ, ಇಲ್ಲವೇ ಅಲ್ಲಿ ಒಂದು ಚಿಕ್ಕ ಬಾಲ ಉಳಿಯುತ್ತದೆ.

ಕನ್ನಡಕ್ಕೂ ತನ್ನದೇ ಕಷ್ಟವಿದೆ. ಸೊನ್ನೆಯ ಒಳಗಿನ ಖಾಲಿ ಜಾಗ, ಕೆಳಗೆ ಬರುವ ಒತ್ತಕ್ಷರದ ಸಣ್ಣ ತಿರುವು, ಇವು ಬಹಳ ಚಿಕ್ಕವು. ಅವುಗಳ ಕೆಳಗಿರುವ ಅಂಟಿನ ಜಾಗವೂ ಚಿಕ್ಕದು. ವೇಗ ಹೆಚ್ಚಿದ್ದರೆ ಅಲಗು ಅವನ್ನು ಕಾಗದದಿಂದ ಎಬ್ಬಿಸಿ ಎಳೆದುಕೊಂಡು ಹೋಗುತ್ತದೆ. ‘ಗುಡ್ಡಾಪುರ’ ಎಂದು ಚಿಕ್ಕದಾಗಿ ಕತ್ತರಿಸುವಾಗ ಆ ಡಕಾರದ ಒತ್ತು ಉಳಿಯಬೇಕಾದರೆ, ಚೂಪಾದ ಅಲಗು ಮತ್ತು ನಿಧಾನ ಎರಡೂ ಬೇಕು.

ಬಂಡೆ ಕೊರೆಯುವುದೂ ಇದೇ ವಸ್ತು

ಇಷ್ಟು ಒತ್ತಡ ಹೊತ್ತು ದಿನವಿಡೀ ಓಡಿದರೂ ಬೇಗ ಸವೆಯದ ಅಲಗು ಯಾವುದರಿಂದ ಆಗಿದೆ? ಟಂಗ್ಸ್ಟನ್ ಕಾರ್ಬೈಡ್ ಎಂಬ ವಸ್ತುವಿನಿಂದ. ಟಂಗ್ಸ್ಟನ್ ಲೋಹವೂ ಇಂಗಾಲವೂ ಕೂಡಿ ಆದ ಬಹಳ ಗಟ್ಟಿ ಪುಡಿಯನ್ನು ಕೋಬಾಲ್ಟ್ ಲೋಹದ ಜೊತೆ ಬೆರೆಸಿ, ಒತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಈ ವಿಧಾನ 1920ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಅಲ್ಲಿಯ ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರಿತು. 1960ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ವಿಡಿಯಾ ಕಂಪನಿ ಶುರುವಾಗಿ, ಗಟ್ಟಿ ಲೋಹಗಳನ್ನು ಕಡೆಯುವ ಉಪಕರಣಗಳನ್ನು ತಯಾರಿಸತೊಡಗಿತು.

ಇದೇ ವಸ್ತುವನ್ನು ನಿಮ್ಮ ಊರಿನಲ್ಲಿಯೂ ನೋಡಿರುತ್ತೀರಿ. ಜತ್ತದ ಮಣ್ಣಿನ ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಯಿದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ನೀರಿಗಾಗಿ ಬೋರ್ ಕೊರೆಯುವ ಲಾರಿ ಬಂದಾಗ, ಬಂಡೆಯನ್ನು ಕೊರೆಯುವ ಅದರ ತುದಿಯ ಮುಖವನ್ನು ದೂರದಿಂದ ಗಮನಿಸಿ. ಅಲ್ಲಿ ದುಂಡನೆಯ ಗುಂಡಿಗಳ ಸಾಲು ಕಾಣುತ್ತದೆ. ಅವೂ ಟಂಗ್ಸ್ಟನ್ ಕಾರ್ಬೈಡ್. ಬಂಡೆಗೆ ದೊಡ್ಡ ಬಲದ ಹೊಡೆತ ಬೇಕು, ಅದಕ್ಕೆ ಗುಂಡಿ ದುಂಡಗಿದೆ. ಚೂಪಾಗಿದ್ದರೆ ಮುರಿಯುತ್ತಿತ್ತು. ಸ್ಟಿಕ್ಕರಿಗೆ ಚಿಕ್ಕ ಬಲದ ಗೆರೆ ಬೇಕು, ಅದಕ್ಕೆ ಅಲಗು ಚೂಪಾಗಿದೆ. ಬಂಡೆ ಕೊರೆಯುವ ವಸ್ತುವೇ ಬೆನ್ನಿನ ಕಾಗದವನ್ನು ನೋಯಿಸದೆ ಹೋಗಬಲ್ಲದು ಎಂದರೆ, ಅದಕ್ಕೆ ಕಾರಣ ಅದರ ಆಕಾರ, ಮತ್ತು ಅದರ ಮೇಲೆ ಹಾಕಿದ ಬಲದ ಅಳತೆ.

ಮಾಡಿ ನೋಡಿ

ಯಂತ್ರದ ಅಲಗನ್ನು ನೀವು ಮುಟ್ಟಬೇಡಿ. ಅದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚೂಪು. ಈ ಎರಡು ಪ್ರಯೋಗಗಳಿಗೆ ಅಲಗು ಬೇಕಿಲ್ಲ.

ಒಂದನೆಯದು ದಪ್ಪ ಅಳೆಯುವುದು. ನಿಮ್ಮ ಬಾಲಭಾರತಿಯ ಕನ್ನಡ ಪುಸ್ತಕ ತೆಗೆದುಕೊಳ್ಳಿ. ರಕ್ಷಾಪುಟ ಬಿಟ್ಟು 50 ಹಾಳೆ ಎಣಿಸಿ. ಹಾಳೆ ಎಂದರೆ ಎರಡು ಪುಟ ಎಂಬುದನ್ನು ಮರೆಯಬೇಡಿ. ಅವನ್ನು ಬಿಗಿಯಾಗಿ ಒತ್ತಿ ಹಿಡಿದು, ಎಷ್ಟು ಮಿಲಿಮೀಟರ್ ದಪ್ಪವಿದೆ ಎಂದು ಅಳತೆಪಟ್ಟಿಯಿಂದ ನೋಡಿ. ಬಂದ ಸಂಖ್ಯೆಯನ್ನು 50ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಒಂದು ಹಾಳೆಯ ದಪ್ಪ ಮೈಕ್ರಾನಿನಲ್ಲಿ ಸಿಗುತ್ತದೆ. 5 ಮಿಲಿಮೀಟರ್ ಬಂದರೆ ಉತ್ತರ 100 ಮೈಕ್ರಾನ್. ಅದು ಹೆಚ್ಚುಕಡಿಮೆ ವಿನೈಲ್ ಹಾಳೆಯದೇ ದಪ್ಪ. ಅಲಗು ಎಷ್ಟು ಸೂಕ್ಷ್ಮವಾದ ಅಂತರದಲ್ಲಿ ಕೆಲಸ ಮಾಡುತ್ತದೆ ಎಂಬುದು ಆಗ ನಿಮ್ಮ ಬೆರಳಿಗೇ ತಿಳಿಯುತ್ತದೆ.

ಎರಡನೆಯದು ಬಲ ಮತ್ತು ಆಳ. ಹಳೆಯ ನೋಟುಬುಕ್ಕಿನ ಖಾಲಿ ಹಾಳೆಯ ಮೇಲೆ ಬಾಲ್ ಪೆನ್ನಿನಿಂದ ಒಂದು ಚೌಕ ಬರೆಯಿರಿ. ಕೆಳಗಿನ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಓರೆಯಾಗಿ ಹಿಡಿದು, ಎಷ್ಟನೆಯ ಹಾಳೆಯವರೆಗೆ ಚೌಕದ ಅಚ್ಚು ಇಳಿದಿದೆ ಎಂದು ಎಣಿಸಿ. ಮತ್ತೆ ಸ್ವಲ್ಪ ಹಗುರವಾಗಿ, ಮತ್ತೆ ಸ್ವಲ್ಪ ಜೋರಾಗಿ ಬರೆದು ನೋಡಿ. ಆಮೇಲೆ ಅಷ್ಟೇ ಬಲದಿಂದ, ಪೆನ್ನಿನ ಬದಲು ಮೊಂಡಾದ ಪೆನ್ಸಿಲಿನಿಂದ ಬರೆಯಿರಿ. ಪ್ರತಿ ಸಲವೂ ಏನು ಬದಲಿಸಿದಿರಿ, ಎಷ್ಟು ಹಾಳೆಗೆ ಅಚ್ಚು ಇಳಿಯಿತು ಎಂದು ಪಟ್ಟಿ ಮಾಡಿ. ಬಲ ಬದಲಿಸಿದಾಗ ಪೆನ್ನು ಅದೇ ಇರಲಿ. ಪೆನ್ನು ಬದಲಿಸಿದಾಗ ಬಲ ಅಷ್ಟೇ ಇರಲಿ.

ಒಂದು ಕೋರಿಕೆಯೂ ಇದೆ. ಸ್ಟಿಕ್ಕರ್ ಕತ್ತರಿಸಿ ಉಳಿದ ವಿನೈಲ್ ಚೂರುಗಳನ್ನು ಎಲ್ಲಿಯಾದರೂ ಸುಡುತ್ತಿದ್ದರೆ ಬೇಡವೆಂದು ಹೇಳಿ. ಪಿವಿಸಿಯಲ್ಲಿ ಕ್ಲೋರಿನ್ ಇದೆ, ಸುಟ್ಟರೆ ಶ್ವಾಸಕ್ಕೆ ಕೆಡುಕು ಮಾಡುವ ಹೊಗೆ ಬರುತ್ತದೆ. ಬಲ ಸರಿಯಾಗಿದ್ದರೆ ಹಾಳೆ ಕೆಡುವುದೇ ಕಡಿಮೆ, ಎಸೆಯಬೇಕಾದ ಚೂರೂ ಕಡಿಮೆ. ಮೂಲೆಯಲ್ಲಿ ಕತ್ತರಿಸಿ ನೋಡಿದ ಆ ಪುಟ್ಟ ವೃತ್ತ ಮತ್ತು ಚೌಕ ಇಡೀ ಹಾಳೆಯನ್ನು ಉಳಿಸುತ್ತವೆ.

ಮುಂದಿನ ಸಲ ಸ್ಟಿಕ್ಕರ್ ಅಂಗಡಿಗೆ ಹೋದಾಗ, ‘ಇದಕ್ಕೆ ಎಷ್ಟು ಗ್ರಾಂ ಇಟ್ಟಿದ್ದೀರಿ? ಲ್ಯಾಮಿನೇಶನ್ ಇಲ್ಲದಿದ್ದರೆ ಎಷ್ಟು ಇಡುತ್ತಿದ್ದಿರಿ?’ ಎಂದು ಕೇಳಿ. ಅವರು ಹೇಳಿದ ಎರಡು ಸಂಖ್ಯೆಗಳನ್ನು ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ನಾವು ಲೆಕ್ಕ ಹಾಕಿದ 1.76ರ ಪಕ್ಕದಲ್ಲಿ ಇಟ್ಟು ನೋಡಿ. ಹೊಂದಿದರೆ ಯಾಕೆ ಹೊಂದಿತು, ಹೊಂದದಿದ್ದರೆ ಯಾವ ಪದರ ಅದನ್ನು ಬದಲಿಸಿತು ಎಂದು ಗೆಳೆಯರ ಜೊತೆ ಕೂತು ಯೋಚಿಸಿ.